ಸೊನ್ನೆಯಲ್ಲೂ ನಿಲ್ಲದ ಸದ್ದು

ನಾಬಿನ ಮೇಲೆ ಬಿಳಿ ನೇಲ್ ಪಾಲಿಶ್‌ನಲ್ಲಿ ಎಳೆದಿದ್ದ ಗೆರೆ ಸೊನ್ನೆಯ ಗುರುತಿಗೆ ಸರಿಯಾಗಿ ಬಂದು ನಿಂತಿತ್ತು. ಪಕ್ಕದ ನಾಬಿನ ಗೆರೆಯೂ ಸೊನ್ನೆಗೇ ಇತ್ತು. ಕೆಳಗಿನ ಸಾಲಿನವನ್ನೂ ಒಂದೊಂದಾಗಿ ತಿರುಗಿಸಿ ನೋಡಿದೆ. ಎಲ್ಲವೂ ಸೊನ್ನೆ. ಆದರೂ ಸ್ಪೀಕರ್ ಗುಂಯ್ ಎನ್ನುತ್ತಲೇ ಇತ್ತು.

ದೊಡ್ಡ ಸದ್ದೇನಲ್ಲ. ಪಕ್ಕದ ಮನೆಯವರು ಬಾಗಿಲು ಮುಚ್ಚಿಕೊಂಡು ಮಿಕ್ಸಿ ಹಾಕಿದರೆ ನಮ್ಮ ಗೋಡೆಗೆ ಎಷ್ಟು ಕೇಳುತ್ತದೋ ಅಷ್ಟು. ಆದರೆ ನಾನು ಅದನ್ನು ಹುಟ್ಟಿಸಿರಲಿಲ್ಲ. ಆ ಪೆಟ್ಟಿಯೊಳಗಿನ ಪ್ರತಿಯೊಂದು ಬೆಸುಗೆಯನ್ನೂ ನನ್ನ ಕೈಯಿಂದಲೇ ಹಾಕಿದ್ದೆ, ಹಾಗಾಗಿ ನನಗೆ ಗೊತ್ತಿಲ್ಲದ ಸದ್ದೊಂದು ಅದರಲ್ಲಿ ಇರಬಹುದು ಎಂಬುದೇ ನನಗೆ ಹೊಂದಿಕೆಯಾಗುತ್ತಿರಲಿಲ್ಲ.

ಅದು ಮಾಡ್ಯುಲರ್ ಸಿಂಥಸೈಜರ್. ಹಾರ್ಮೋನಿಯಮ್ಮಿನಂತೆ ಅದಕ್ಕೆ ಬೆರಳಿನಿಂದ ಒತ್ತುವ ಮನೆಗಳಿಲ್ಲ. ಒಂದು ಭಾಗ ಸದ್ದನ್ನು ಹುಟ್ಟಿಸುತ್ತದೆ, ಇನ್ನೊಂದು ಸೋಸುತ್ತದೆ, ಮತ್ತೊಂದು ಏರಿಸಿ ಇಳಿಸುತ್ತದೆ. ಯಾವುದನ್ನು ಯಾವುದಕ್ಕೆ ಸೇರಿಸಬೇಕೆಂದು ಗಿಡ್ಡ ಗಿಡ್ಡ ವೈರುಗಳನ್ನು ಚುಚ್ಚಿ ನಾವೇ ತೀರ್ಮಾನಿಸಬೇಕು. ಹಲಸಿನ ಹಲಗೆಯ ಪೆಟ್ಟಿ, ಮುಂದೆ ಅಲ್ಯೂಮಿನಿಯಂ ತಗಡು. ತರೀಕೆರೆಯ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡಿ ಅಜ್ಜಂಪುರದ ಮನೆಗೆ ಬಂದ ಮೇಲೆ ಸಂಜೆಯ ಹೊತ್ತಿನಲ್ಲಿ ಅದನ್ನು ಸ್ವಲ್ಪ ಸ್ವಲ್ಪವೇ ಕಟ್ಟಿದ್ದೆ. ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಬಾರಿಸು ಎನ್ನುತ್ತಾರೆ, ಬಾರಿಸಿದರೆ ಇದು ಯಾವ ರಾಗ ಎಂದು ಕೇಳುತ್ತಾರೆ.

ಕೇಳುತ್ತಿದ್ದವಳು ಅಮ್ಮ ಒಬ್ಬಳೇ. ಮನೆಯಲ್ಲಿ ನಾವಿಬ್ಬರೇ ಇರುವುದು. ಅಮ್ಮ ಪ್ರಾಥಮಿಕ ಶಾಲೆಯ ಟೀಚರು. ಅಡುಗೆಮನೆಯಲ್ಲಿ ಕೂತು ಪಠ್ಯಪುಸ್ತಕ ತಿರುವುತ್ತಾ ನನ್ನ ಸದ್ದುಗಳಿಗೆ ಅವಳದೇ ಹೆಸರು ಇಡುತ್ತಿದ್ದಳು. ಒಂದು ಕಪ್ಪೆ, ಒಂದು ಗಿರಣಿ, ಇನ್ನೊಂದು ಬುಕ್ಕಾಂಬುಧಿ ಕೆರೆ ಕೋಡಿ. ಈ ಕೊನೆಯದು ಅವಳಿಗೆ ಇಷ್ಟ. ಚಿಕ್ಕವಳಿದ್ದಾಗ ಕೋಡಿ ಬಿದ್ದುದನ್ನು ನೋಡಲು ಅವಳಪ್ಪ ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದರಂತೆ. “ಕೆರೆ ಬಿಡೇ ಸ್ವಲ್ಪ” ಎಂದು ಕೂಗುತ್ತಿದ್ದಳು. ನಾನು ಬಿಡುತ್ತಿದ್ದೆ.

ಈಗ ಕೆರೆಯ ಅಡಿಯಲ್ಲಿ ಈ ಗುಂಯ್ ಸೇರಿಕೊಂಡಿತ್ತು.

“ಏನೇ ಅದು, ಕೆರೆಗೆ ಮೋಟ್ರು ಇಟ್ಟಿದ್ದೀಯಾ?” ಎಂದಳು ಅಮ್ಮ.

ಮೊದಲು ಪೆಟ್ಟಿಯನ್ನೇ ಅನುಮಾನಿಸಿದೆ. ಭಾಗಗಳನ್ನು ಒಂದೊಂದಾಗಿ ಕಳಚಿದೆ. ಎಲ್ಲವನ್ನೂ ಕಳಚಿ, ಬರೀ ಪವರ್ ಸಪ್ಲೈಯನ್ನು ಸ್ಪೀಕರಿಗೆ ಸೇರಿಸಿಟ್ಟರೂ ಸದ್ದು ಅಲ್ಲೇ ಇತ್ತು. ಪವರ್ ಸಪ್ಲೈಯ ಕೆಪಾಸಿಟರುಗಳನ್ನು ಬದಲಿಸಿದೆ. ಸ್ಪೀಕರ್ ಬದಲಿಸಿದೆ. ತಗಡಿನ ಮೇಲೆ ಬೆರಳಿಟ್ಟರೆ ಸದ್ದು ಸ್ವಲ್ಪ ಬದಲಾಗುತ್ತಿತ್ತು, ಬೆರಳಿಗೆ ಜುಮ್ ಎನ್ನುತ್ತಿತ್ತು. ಹೊಸ ಅಡಾಪ್ಟರ್ ತಂದೆ. ಜುಮ್ ಹೋಗಲಿಲ್ಲ. ಚಪ್ಪಲಿ ಹಾಕಿಕೊಂಡು ಕೂರತೊಡಗಿದೆ. ಅಷ್ಟರಿಂದ ಜುಮ್ ನಿಂತಿತು, ನಾನು ಅದನ್ನು ಅಲ್ಲಿಗೇ ಮರೆತೆ.

ಕಡೂರಿನಲ್ಲಿ ನನ್ನ ಗೆಳತಿ ಇದ್ದಾಳೆ. ಎಂ.ಎಸ್ಸಿ.ಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಈಗ ಅವಳು ಮನೆತನದ ಕನ್ನಡಕದ ಅಂಗಡಿ ನೋಡಿಕೊಳ್ಳುತ್ತಾಳೆ, ಮಹಡಿಯ ಮೇಲೆ ಮನೆ. ಅಲ್ಲಿ ಹಾಕಿ ನೋಡೋಣ ಎಂದು ಒಂದು ಭಾನುವಾರ ಪೆಟ್ಟಿಯನ್ನು ಹೊದಿಕೆಯಲ್ಲಿ ಸುತ್ತಿಕೊಂಡು ರೈಲು ಹತ್ತಿದೆ. ಎದುರಿಗೆ ಕೂತಿದ್ದ ಹಿರಿಯರೊಬ್ಬರು ಬೀರೂರು ಬರುವವರೆಗೂ ಅದನ್ನೇ ನೋಡುತ್ತಿದ್ದರು.

“ಏನವ್ವಾ ಅದು, ಹಾರ್ಮೋನಿನಾ?”

ಹೌದೆಂದೆ.

“ಭಜನೆಗಾ?”

ಅದಕ್ಕೂ ಹೌದೆಂದೆ. ಅವರಿಗೆ ಸಮಾಧಾನವಾಯಿತು.

ಕಡೂರಿನ ಮಹಡಿಯ ಮೇಲೆ ಪೆಟ್ಟಿಗೆ ಕರೆಂಟು ಕೊಟ್ಟು ಎಲ್ಲ ನಾಬುಗಳನ್ನೂ ಸೊನ್ನೆಗೆ ತಂದೆ. ಏನೂ ಕೇಳಲಿಲ್ಲ. ಸ್ಪೀಕರ್ ಆನ್ ಆಗಿದೆಯೋ ಇಲ್ಲವೋ ಎಂದು ಕಿವಿಯಿಟ್ಟು ನೋಡಿದೆ. ಆಗಿತ್ತು. ಕೆಳಗೆ ಬೀದಿಯಲ್ಲಿ ಹೋಗುವ ಲಗೇಜ್ ಆಟೊ ಬಿಟ್ಟರೆ ಬೇರೆ ಸದ್ದೇ ಇಲ್ಲ.

“ಎಲ್ಲೇ ನಿನ್ನ ಗುಂಯ್?” ಎಂದಳು ಗೆಳತಿ.

“ಮನೆಯಲ್ಲಿ ಇತ್ತು.”

“ಮನೇಲೇ ಬಿಟ್ಟು ಬಂದ್ಯಾ? ರೈಲಲ್ಲಿ ಅದಕ್ಕೆ ಟಿಕೆಟ್ ತಗೊಂಡಿಲ್ವೇನೋ.” ಆಮೇಲೆ ನನ್ನ ಮುಖ ನೋಡಿ, “ಬಾ, ಕೆಳಗೆ ಕೂರು, ಅಕ್ಷರ ಓದಿಸ್ತೀನಿ. ಕಣ್ಣು ಸರಿ ಇದ್ದರೆ ಕಿವಿ ನೋಡೋಣ” ಎಂದಳು.

ಅವಳ ತಾಯಿ ಅಡುಗೆಮನೆಯಿಂದ ಲೋಟ ಹಿಡಿದು ಬಂದರು. ಅವರು ಮನೆಯಲ್ಲಿ ದಖ್ಖನಿ ಆಡುತ್ತಾರೆ, ನನ್ನ ಹತ್ತಿರ ಅರ್ಧ ಕನ್ನಡ. “ಚಾ ಪೀಕೋ ಜಾ ಬೇಟಾ, ಕುಡಿದೇ ಹೋಗು. ಆ ಡಬ್ಬಿ ಇಲ್ಲೇ ಇರಲಿ ಬಿಡು, ಇಲ್ಲಿ ಅದು ಒಳ್ಳೆ ಮಗು ಥರ ಅದೆ.”

ಅದು ನಿಜವಾಗಿತ್ತು, ಅದೇ ತೊಂದರೆ. ವಾಪಸು ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ. ಪೆಟ್ಟಿಯಲ್ಲಿ ದೋಷವಿಲ್ಲ ಎಂದಾದರೆ ದೋಷ ನಮ್ಮ ಮನೆಯಲ್ಲಿದೆ. ಆದರೆ ಅದೇ ಮನೆಯಲ್ಲಿ, ಅದೇ ಪ್ಲಗ್ಗಿನಲ್ಲಿ, ಚಳಿಗಾಲವಿಡೀ ಪೆಟ್ಟಿ ಸುಮ್ಮನಿತ್ತಲ್ಲ?

ಮನೆಗೆ ಬಂದು ಫ್ರಿಜ್ ಆರಿಸಿದೆ, ಟ್ಯೂಬ್‌ಲೈಟ್ ಆರಿಸಿದೆ, ಯುಪಿಎಸ್ ಕಳಚಿದೆ. ಪ್ರತಿ ಸಲವೂ ಪೆಟ್ಟಿಯಿದ್ದ ಹಿತ್ತಿಲ ಕೋಣೆಗೆ ಓಡಿ ಹೋಗಿ ಕೇಳಿದೆ. ಗುಂಯ್. ಕೊನೆಗೆ ವಾಷಿಂಗ್ ಮಷೀನಿನ ಎದುರು ನಿಂತೆ. ನಮ್ಮ ಮನೆಗೆ ಹೊಸದಾಗಿ ಬಂದಿದ್ದ ವಸ್ತು ಅದೊಂದೇ.

ಅದು ಯಾಕೆ ಬಂತೆಂದು ಹೇಳಬೇಕು. ಹಿಂದಿನ ಮಳೆಗಾಲದಲ್ಲಿ ಅಮ್ಮ ಶಾಲೆಯ ಮೆಟ್ಟಿಲ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಪಟ್ಟಿ ಬಿಚ್ಚಿದ ಮೇಲೂ ಮೂಳೆ ಸ್ವಲ್ಪ ಓರೆಯಾಗಿಯೇ ಕೂಡಿಕೊಂಡಿತು. ತರೀಕೆರೆಯ ಡಾಕ್ಟರು ಅವಳ ಕೈಯನ್ನು ಅತ್ತ ಇತ್ತ ತಿರುಗಿಸಿ ನೋಡಿ, “ಬಟ್ಟೆ ಹಿಂಡೋದು, ಕೊಡ ಎತ್ತೋದು ಬಿಟ್ಬಿಡ್ರಿ ಮೇಡಂ. ಇಲ್ಲಾಂದ್ರೆ ಚಾಕ್‌ಪೀಸ್ ಹಿಡಿಯೋಕೂ ಆಗಲ್ಲ” ಎಂದಿದ್ದರು. ಅಮ್ಮ ಅಲ್ಲಿ ನಕ್ಕಳು. ಬಸ್ಸಿನಲ್ಲಿ ಬಲಗೈ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದಳು. ಅವಳಿಗೆ ಕಪ್ಪು ಹಲಗೆಯ ಮೇಲೆ ದುಂಡಗೆ ಬರೆಯುವುದೆಂದರೆ ಏನೆಂದು ನನಗೆ ಗೊತ್ತು. ನನಗೆ ಅಕ್ಷರ ಕಲಿಸಿದ್ದು ಅದೇ ಕೈ. ಆದರೂ ಅವಳು ಕಲ್ಲಿನ ಮೇಲೆ ಒಗೆಯುವುದನ್ನು ಬಿಡದಿದ್ದಾಗ, ಬೇಸಿಗೆ ಶುರುವಾಗುವ ಹೊತ್ತಿಗೆ ಮಷೀನು ತಂದು ಬಚ್ಚಲುಮನೆಯ ಪಕ್ಕ ಇಡಿಸಿದೆ. ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಅಮ್ಮ ತುಳಸಿಯ ಕುಂಡ ಇಟ್ಟಳು.

ಆ ದಿನ ನಾನು ಮಷೀನಿನ ಪ್ಲಗ್ಗು ಕಿತ್ತು, ಕೋಣೆಗೆ ಹೋಗಿ ಕೇಳಿದೆ. ಸದ್ದು ಹಾಗೇ ಇತ್ತು. ಹಾಗಾದರೆ ಮಷೀನಲ್ಲ. ಆದರೆ ಮಷೀನು ಬಂದ ಮೇಲೆಯೇ ಶುರುವಾಗಿದ್ದು. ಎರಡೂ ಹೇಗೆ ನಿಜವಾಗಬಹುದೆಂದು ತಿಳಿಯದೆ ಬಚ್ಚಲುಮನೆಯ ಬಾಗಿಲಲ್ಲಿ ಪ್ಲಗ್ಗು ಹಿಡಿದುಕೊಂಡು ನಿಂತಿದ್ದೆ.

“ಏನಾಯ್ತೇ?” ಎಂದಳು ಅಮ್ಮ.

“ಮಷೀನ್ ಬಂದ ಮೇಲೆ ಶುರುವಾಗಿದೆಯಮ್ಮ ಇದು. ಯಾಕೆ ಅಂತ ಗೊತ್ತಾಗ್ತಿಲ್ಲ.”

ಅಷ್ಟೇ ಹೇಳಿದ್ದು. ಅಮ್ಮ ಹ್ಞೂಂ ಎಂದು ಒಳಗೆ ಹೋದಳು.

ಮರುವಾರದಲ್ಲಿ ಒಂದು ಸಂಜೆ ಪೆಟ್ಟಿ ಹಾಕಿದಾಗ ಸದ್ದೇ ಇರಲಿಲ್ಲ. ಮಾರನೆಯ ಸಂಜೆಯೂ ಇಲ್ಲ. ನಾನು ಏನನ್ನೂ ಸರಿಪಡಿಸಿರಲಿಲ್ಲ. ಕೆಟ್ಟದ್ದು ತಾನಾಗಿ ಸರಿಹೋದರೆ ಖುಷಿಯಾಗಬೇಕು, ನನಗೆ ಆಗಲಿಲ್ಲ. ಏನು ಮಾಡಿದ್ದರಿಂದ ಹೋಯಿತೆಂದು ಗೊತ್ತಿಲ್ಲದಿದ್ದರೆ ಏನು ಮಾಡಿದರೆ ಮತ್ತೆ ಬರುತ್ತದೆಂದೂ ಗೊತ್ತಿರುವುದಿಲ್ಲ. ಅಮ್ಮ ಮಾತ್ರ “ಕೆರೆ ಬಿಡು” ಎಂದು ಕೇಳಿ, ಪೂರ್ತಿ ಕೇಳಿಸಿಕೊಂಡು, “ಈಗ ನೋಡು ಚೆನ್ನಾಗಿದೆ” ಎಂದಳು. ಗೆಳತಿಗೆ ಫೋನಿನಲ್ಲಿ ಹೇಳಿದರೆ, “ಕಡೂರಿನ ಗಾಳಿ ಕುಡಿದು ಬಂತಲ್ಲ, ಅದಕ್ಕೇ ಕಣೇ” ಎಂದಳು.

ಒಂದು ದಿನ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವಿದ್ದು ತರಗತಿ ನಡೆಯಲಿಲ್ಲ. ಮಧ್ಯಾಹ್ನಕ್ಕೇ ಮನೆಗೆ ಬಂದೆ. ಅಮ್ಮನದೂ ಬೆಳಗಿನ ಶಾಲೆ. ಮುಂದಿನ ಬಾಗಿಲು ತೆರೆದಿತ್ತು, ಹಿತ್ತಿಲಿನಿಂದ ಸದ್ದು ಬರುತ್ತಿತ್ತು. ಹೋಗಿ ನೋಡಿದರೆ ತುಳಸಿಯ ಕುಂಡ ಕೆಳಗಿತ್ತು. ಅಮ್ಮ ಕಲ್ಲಿನ ಮುಂದೆ ಬಗ್ಗಿ, ಹಾಸಿಗೆ ಹೊದಿಕೆಯ ಒಂದು ತುದಿಯನ್ನು ನಲ್ಲಿಗೆ ಸುತ್ತಿ, ಇನ್ನೊಂದು ತುದಿಯನ್ನು ಎಡಗೈಯಲ್ಲಿ ತಿರುವುತ್ತಿದ್ದಳು. ಎಡಗೈ ಸಾಲದೆ ಬಲಗೈಯನ್ನೂ ಹಾಕಿದಳು. ಹಾಕಿದೊಡನೆ ತುಟಿ ಕಚ್ಚಿಕೊಂಡಳು.

“ಅಮ್ಮಾ!”

ಬೆಚ್ಚಿ ಹೊದಿಕೆ ಬಿಟ್ಟುಬಿಟ್ಟಳು. “ಏನೇ, ಇಷ್ಟೊತ್ತಿಗೇ ಬಂದ್ಬಿಟ್ಟೆ?”

“ಮಷೀನ್ ಕೆಟ್ಟಿದ್ಯಾ?”

“ಕೆಟ್ಟಿಲ್ಲ, ಏನಿಲ್ಲ. ನಿನ್ನ ಪೆಟ್ಟಿಗೆ ಅದನ್ನ ಕಂಡ್ರೆ ಆಗಲ್ವಲ್ಲ. ಅದಕ್ಕೇ ನಿಲ್ಸಿದ್ದೆ.” ಆಮೇಲೆ, ನಾನೇ ತಪ್ಪು ಮಾಡಿದವಳ ಹಾಗೆ ನಿಂತಿರುವುದನ್ನು ನೋಡಿ, “ನಿಲ್ಸಿದ್ಮೇಲೆ ಹೋಯ್ತೋ ಇಲ್ವೋ ಹೇಳು?” ಎಂದಳು, ಲೆಕ್ಕ ಸರಿ ಬಂದ ಮಗುವಿನ ದನಿಯಲ್ಲಿ.

ಹೋಗಿತ್ತು. ಅದನ್ನು ಇಲ್ಲವೆನ್ನಲು ಆಗಲಿಲ್ಲ. ಮಷೀನು ನಿಲ್ಲಿಸಿದಳು, ಸದ್ದು ನಿಂತಿತು. ಆದರೆ ಪ್ಲಗ್ಗು ಕಿತ್ತು ನಾನೇ ನೋಡಿದ್ದೆನಲ್ಲ, ಆಗ ನಿಂತಿರಲಿಲ್ಲವಲ್ಲ? ಅವಳ ಮಣಿಕಟ್ಟಿನ ಮೇಲೆ ಕೈಯಿಟ್ಟೆ. ಬಿಸಿಯಾಗಿತ್ತು, ಓರೆ ಮೂಳೆಯ ಸುತ್ತ ಊದಿಕೊಂಡಿತ್ತು.

“ಚಾಕ್‌ಪೀಸ್ ಹಿಡೀತೀಯಾ?”

“ಹಿಡೀತೀನಿ.”

“ಬರೆದು ತೋರಿಸು.”

“ಹೋಗೇ, ನಂಗೇ ಪರೀಕ್ಷೆ ಮಾಡ್ತೀಯಾ” ಎಂದು ಒಳಗೆ ಹೋದಳು. ಬರೆಯಲಿಲ್ಲ.

ಆ ಸಂಜೆ ಪೆಟ್ಟಿಯ ವೈರುಗಳನ್ನೆಲ್ಲ ಕಿತ್ತು ಡಬ್ಬಿಗೆ ಹಾಕಿದೆ. ಕಡೂರಿನ ಮಹಡಿಯ ಮೇಲೆ ಇಟ್ಟುಬಿಡುತ್ತೇನೆ, ನೀನು ಮಷೀನಿನಲ್ಲೇ ಒಗೆ ಎಂದೆ. ಅಮ್ಮ ಒಪ್ಪಲಿಲ್ಲ. ಪೆಟ್ಟಿ ಹೋದರೆ ತಾನು ಕಲ್ಲಿನ ಮೇಲೇ ಒಗೆಯುವುದಾಗಿ ಹೆದರಿಸಿದಳು. ನಾವಿಬ್ಬರೂ ಜಾಸ್ತಿ ಮಾತಿನವರಲ್ಲ, ಹಾಗಾಗಿ ಜಗಳವೂ ಚಿಕ್ಕದಾಗಿ ಮುಗಿಯಿತು. ಪೆಟ್ಟಿ ಇರುತ್ತದೆ, ಮಷೀನೂ ನಡೆಯುತ್ತದೆ, ಗುಂಯ್ ಬಂದರೆ ಬರಲಿ. ಮಷೀನು ಮತ್ತೆ ನಡೆಯಿತು. ಕೆಲವು ದಿನ ಪೆಟ್ಟಿ ಸುಮ್ಮನಿತ್ತು. ಆಮೇಲೆ, ಮೊದಲಿಗಿಂತ ಸ್ವಲ್ಪ ಜೋರಾಗಿ, ಗುಂಯ್ ಬಂತು. ಅಮ್ಮ ಅಡುಗೆಮನೆಯಿಂದ ಕೆರೆ ಕೇಳುವುದನ್ನು ನಿಲ್ಲಿಸಿದಳು.

ಬೇಸಿಗೆ ರಜೆಗೆ ಅವಳು ಲಕ್ಕವಳ್ಳಿಗೆ ಹೊರಟಳು. ಅಲ್ಲಿ ನನ್ನ ದೊಡ್ಡಮ್ಮ ಇದ್ದಾರೆ, ದೊಡ್ಡಪ್ಪನಿಗೆ ಡ್ಯಾಮಿನ ಕಚೇರಿಯಲ್ಲಿ ಕೆಲಸ. ಹೊರಡುವ ಮುಂಚೆ ಮಷೀನಿನ ಪ್ಲಗ್ಗು ಕಿತ್ತು, ವೈರನ್ನು ಸುತ್ತಿ, ಮೇಲೆ ಹಳೆಯ ಟವೆಲ್ ಹೊದಿಸಿದ್ದಳು. “ನಾನಿಲ್ದಿದ್ದಾಗ ಆರಾಮಾಗಿ ಬಾರಿಸ್ಕೋ” ಎಂದಳು.

ಬಸ್ಸಿಗೆ ಹತ್ತಿಸಿ ಬಂದು ಪೆಟ್ಟಿ ಹಾಕಿದೆ. ಗುಂಯ್ ಎಂದಿತು. ನಾಳೆ ಹೋಗುತ್ತದೆ ಎಂದುಕೊಂಡೆ. ನಾಳೆಯೂ ಇತ್ತು, ನಾಡಿದ್ದೂ ಇತ್ತು. ಮಷೀನು ಟವೆಲ್ ಹೊದ್ದು ಮಲಗಿತ್ತು. ಅಮ್ಮ ಮಷೀನು ನಿಲ್ಲಿಸಿದಾಗ ನಿಂತ ಸದ್ದು, ಈಗ ಮಷೀನು ನಿಂತಿದ್ದರೂ ಯಾಕೆ ನಿಲ್ಲಲಿಲ್ಲ? ಅಮ್ಮ ಮನೆಯಲ್ಲಿದ್ದರೆ ಮಾತ್ರ ನಿಲ್ಲುತ್ತದೆಯೇ ಎಂಬ ಹುಚ್ಚು ಯೋಚನೆಯೂ ಬಂತು. ಪಾಠ ಹೇಳುವಾಗ ಮಕ್ಕಳಿಗೆ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ ಎನ್ನುತ್ತೇನೆ. ನಾನೂ ಒಂದನ್ನೇ ಬದಲಿಸಿದ್ದೆ ಎಂದುಕೊಂಡಿದ್ದೆ.

ಪರೀಕ್ಷೆ ಕಲಸಿಹೋಗಬಾರದೆಂದು ಮಷೀನಿನ ಪ್ಲಗ್ಗು ಹಾಕದೆ ಬಿಟ್ಟಿದ್ದೆ. ಹಾಗಾಗಿ ಬಟ್ಟೆ ಗುಡ್ಡೆ ಬಿದ್ದಿತ್ತು. ಆ ಶನಿವಾರ ಮಧ್ಯಾಹ್ನ ತುಳಸಿಯ ಕುಂಡವನ್ನು ಇಳಿಸಿ, ಕಲ್ಲಿನ ಮೇಲೆ ನಾನೇ ಒಗೆಯಲು ಕೂತೆ. ನನ್ನ ಕುರ್ತಾಗಳು, ಅಮ್ಮ ಬಿಟ್ಟುಹೋದ ಸೀರೆ, ಎರಡು ಹೊದಿಕೆ. ಹೊದಿಕೆ ಹಿಂಡುವುದು ಎಷ್ಟು ಕಷ್ಟವೆಂದು ನನಗೆ ಆ ದಿನದವರೆಗೆ ಸರಿಯಾಗಿ ಗೊತ್ತಿರಲಿಲ್ಲ. ನಾನೂ ನಲ್ಲಿಗೇ ಸುತ್ತಿದೆ. ಬಕೆಟ್ಟುಗಟ್ಟಲೆ ಸೋಪಿನ ನೀರನ್ನು ಕಲ್ಲಿನ ಮೇಲೆಯೇ ಚೆಲ್ಲಿದೆ. ತಂತಿಗೆ ಹರವಿ ಒಳಗೆ ಬಂದು, ಒದ್ದೆ ಕೈ ಒರೆಸಿಕೊಂಡು, ರೂಢಿಯಂತೆ ಪೆಟ್ಟಿ ಹಾಕಿದೆ.

ಸದ್ದಿಲ್ಲ.

ಕುರ್ಚಿಯ ಮೇಲೆ ಕೂತೆ. ಚಪ್ಪಲಿ ಹಿತ್ತಿಲಲ್ಲೇ ಬಿಟ್ಟು ಬಂದಿದ್ದೆ, ಕಾಲು ಬರಿಗಾಲು. ಭಯಪಡುತ್ತಲೇ ತಗಡಿನ ಮೇಲೆ ಬೆರಳಿಟ್ಟೆ. ಜುಮ್ಮೂ ಇಲ್ಲ.

ಎದ್ದು ಹಿತ್ತಿಲಿಗೆ ಹೋದೆ. ಕಲ್ಲಿನಿಂದ ಇಳಿದ ನೀರು ಸಣ್ಣ ಕಾಲುವೆಯಲ್ಲಿ ಹರಿದು, ಗೋಡೆಯ ಬುಡದಲ್ಲಿ ನೆಲಮಟ್ಟಕ್ಕೆ ಹೂತಿದ್ದ ಒಂದು ಸಿಮೆಂಟಿನ ಬಳೆಯನ್ನು ಸುತ್ತಿಕೊಂಡು ಅದರೊಳಗೆ ಇಂಗುತ್ತಿತ್ತು. ಗುಳ್ಳೆಗಳು ಇನ್ನೂ ಒಡೆಯುತ್ತಿದ್ದವು. ಬಳೆಯ ನಡುವಿನಿಂದ ತುಕ್ಕು ಹಿಡಿದ ಪೈಪೊಂದು ಎದ್ದಿತ್ತು, ಅದರ ಕತ್ತಿನಿಂದ ಹೊರಟ ದಪ್ಪ ತಂತಿ ಗೋಡೆ ಹತ್ತಿ ಮೀಟರ್ ಬೋರ್ಡಿಗೆ ಹೋಗಿತ್ತು. ನಮ್ಮ ಮನೆಯ ಅರ್ಥಿಂಗ್ ಗುಂಡಿ. ಪ್ರತಿ ಪ್ಲಗ್ಗಿನ ಮೂರನೆಯ ಕಡ್ಡಿಯೂ ಕೊನೆಗೆ ಬಂದು ಮುಟ್ಟುವ ಜಾಗ. ದಾರಿ ತಪ್ಪಿ ತಗಡಿಗೆ ಬಂದ ಕರೆಂಟು ಅಲ್ಲಿಂದ ನೆಲಕ್ಕೆ ಇಳಿದುಹೋಗಬೇಕು. ನೆಲ ಒದ್ದೆಯಿದ್ದರೆ ಇಳಿಯುತ್ತದೆ. ಒಣಗಿದರೆ ಇಳಿಯುವುದಿಲ್ಲ, ತಗಡಿನಲ್ಲೇ ಉಳಿದು ನನ್ನ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ.

ಮನೆ ಕಟ್ಟಿಸುವಾಗ ಆ ಗುಂಡಿಯನ್ನು ಅಲ್ಲಿ ತೋಡಿಸಿದ್ದು ಅಮ್ಮನೇ. ದಿನಾ ನೀರು ಬೀಳುವ ಕಡೆ ಹಾಕಿ ಎಂದಿದ್ದಳಂತೆ. ಅವಳು ಕಲ್ಲಿನ ಮೇಲೆ ಒಗೆಯುತ್ತಿದ್ದಷ್ಟು ವರ್ಷವೂ ಅದಕ್ಕೆ ದಿನವೂ ನೀರು ಬಿತ್ತು. ಮಷೀನು ಬಂದ ದಿನದಿಂದ ಆ ನೀರೆಲ್ಲ ಬಚ್ಚಲಿನ ಪೈಪಿನಲ್ಲಿ ಚರಂಡಿಗೆ ಹೋಯಿತು. ಮೇಲೆ ಬೇಸಿಗೆ. ಪ್ಲಗ್ಗು ಕಿತ್ತರೆ ಸದ್ದು ನಿಲ್ಲದೆ, ಕಲ್ಲಿನ ಮೇಲೆ ಒಗೆದರೆ ಮಾತ್ರ ನಿಂತದ್ದು ಅದಕ್ಕೆ.

ಸಂಜೆ ಲಕ್ಕವಳ್ಳಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅಮ್ಮ ನಡುವೆ ಬಾಯಿ ಹಾಕದೆ ಕೇಳಿದಳು.

“ಅಂದ್ರೆ ಮಿಷನ್ನಿಂದೇನೂ ತಪ್ಪಿಲ್ಲ ಅನ್ನು.”

“ಇಲ್ಲ.”

“ಗುಂಡಿಗೆ ನೀರು ಹುಯ್ಬೇಕು ಅಂತ ಕಂಡುಹಿಡಿಯೋಕೆ ಎಂ.ಎಸ್ಸಿ. ಓದ್ಬೇಕಾಯ್ತಾ?” ದೊಡ್ಡಮ್ಮ ಹಿಂದಿನಿಂದ ನಗುವುದು ಕೇಳಿಸಿತು. ಆಮೇಲೆ ಅಮ್ಮ, “ಅದಕ್ಕೇ ಇರ್ಬೇಕು, ಒದ್ದೆ ಕೈಯಲ್ಲಿ ಮುಟ್ಟಿದ್ರೆ ಜುಮ್ ಅಂತಿತ್ತು” ಎಂದಳು.

“ಏನು?”

“ಮಿಷನ್ನು ಕಣೇ. ಮುಚ್ಚಳ ತೆಗೆಯುವಾಗ ಜುಮ್ ಅಂತಿತ್ತು. ಆ ಕೈ ಮೊದ್ಲೇ ಹಾಗಲ್ವಾ, ಅದೇ ಜುಮ್ ಅಂತಿರ್ಬೇಕು ಅಂದ್ಕೊಂಡೆ.”

“ಯಾಕಮ್ಮಾ ಹೇಳ್ಲಿಲ್ಲ?”

“ನೀನು ಆಸೆಯಿಂದ ತಂದಿದ್ದು. ವಾಪಸ್ ಕಳಿಸ್ಬಿಡ್ತೀಯ ಅಂತ.”

ನಾನು ಚಪ್ಪಲಿ ಹಾಕಿಕೊಂಡು ಸುಮ್ಮನಾದ ಅದೇ ಜುಮ್ ಅನ್ನು ಅವಳು ಬಚ್ಚಲಿನ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು, ಮುರಿದ ಕೈಯಿಂದ ಮುಟ್ಟುತ್ತಿದ್ದಳು. ಇಷ್ಟು ವಾರ ನಾನು ಹುಡುಕಿದ್ದು ಒಂದು ಸದ್ದನ್ನು. ಬೇರೆ ಏನನ್ನಾದರೂ ಹುಡುಕಬೇಕಿತ್ತೇ ಎಂದು ಅನ್ನಿಸಿತು, ಏನನ್ನು ಎಂದು ಸರಿಯಾಗಿ ಹೇಳಲಾರೆ.

“ಬಂದ್ಮೇಲೆ ಮುಟ್ಟಬೇಡ. ನಾನು ಹೇಳೋವರೆಗೂ ಮುಟ್ಟಬೇಡ” ಎಂದೆ.

“ಆಯ್ತು ಮೇಷ್ಟ್ರೇ” ಎಂದಳು.

ಮರುದಿನ ಬೆಳಿಗ್ಗೆ ಎದ್ದು ಮೊದಲು ಗುಂಡಿಗೆ ನೀರು ಹುಯ್ದೆ. ಮೊದಲ ಕೊಡಗಳನ್ನು ಅದು ಸದ್ದಿಲ್ಲದೆ ಕುಡಿಯಿತು, ಆಮೇಲಿನದು ನಿಧಾನವಾಗಿ ಇಳಿಯಿತು. ಮನೆಗೆ ವೈರಿಂಗ್ ಮಾಡಿದವರಿಗೆ ಫೋನ್ ಮಾಡಿ, ಗುಂಡಿಗೆ ಹೊಸದಾಗಿ ಇದ್ದಿಲು, ಉಪ್ಪು ತುಂಬಿಸಿಕೊಡಬೇಕೆಂದೆ. “ಇವತ್ತೇ ಬತ್ತೀನಿ ಕಣ್ರೀ” ಎಂದರು. ಮಷೀನಿನ ಸಾಕೆಟ್ಟಿನ ಮೂರನೆಯ ತೂತಿಗೆ ಮೀಟರ್ ಕಡ್ಡಿ ಇಟ್ಟು ನೋಡಿದೆ, ಮುಳ್ಳು ಎಲ್ಲಿರಬೇಕೋ ಅಲ್ಲೇ ಇತ್ತು. ನೀರು ಹೊರಹೋಗುವ ಕೊಳವೆಯನ್ನು ಬಚ್ಚಲಿನಿಂದ ಕಿತ್ತು, ಕಿಟಕಿಯ ಸರಳುಗಳ ನಡುವೆ ತೂರಿಸಿ, ಒಗೆಯುವ ಕಲ್ಲಿನ ಕಾಲುವೆಗೆ ಬಿಟ್ಟು ಕಟ್ಟಿದೆ. ಅಮ್ಮ ಶಾಲೆಗೆ ಉಡುವ ಹತ್ತಿಯ ಸೀರೆಯನ್ನು ಬೀರುವಿನಿಂದ ತೆಗೆದು ಮಷೀನಿಗೆ ಹಾಕಿ ಆನ್ ಮಾಡಿದೆ. ಒಗೆದದ್ದೇ ಆಗಿತ್ತು ಅದು, ಇರಲಿ ಎಂದುಕೊಂಡೆ. ನೊರೆನೀರು ಕಿಟಕಿಯಿಂದ ಇಳಿದು ಸಿಮೆಂಟಿನ ಬಳೆಯನ್ನು ಸುತ್ತುವುದನ್ನು ನೋಡಿ ಒಳಗೆ ಬಂದು, ಚಪ್ಪಲಿ ಕಳಚಿ, ಹಿಂಗೈಯನ್ನು ಒದ್ದೆ ಮಾಡಿಕೊಂಡು ಮಷೀನಿನ ಪಕ್ಕಕ್ಕೆ ಮುಟ್ಟಿಸಿದೆ. ಏನೂ ಅನ್ನಿಸಲಿಲ್ಲ. ಇನ್ನೊಮ್ಮೆ ಮುಟ್ಟಿಸಿದೆ. ಹಿತ್ತಿಲ ಕೋಣೆಗೆ ಹೋಗಿ ಪೆಟ್ಟಿ ಹಾಕಿ ನೋಡಬಹುದಿತ್ತು, ಹೋಗಲಿಲ್ಲ. ಮಷೀನು ತಿರುಗಿ ತಿರುಗಿ ನಿಲ್ಲುವವರೆಗೂ ಅಲ್ಲೇ ಕಾದೆ. ಸೀರೆಯಲ್ಲಿ ಹಿಂಡುವಷ್ಟು ನೀರು ಉಳಿದಿರಲಿಲ್ಲ. ಕೊಡವಿ ತಂತಿಯ ಮೇಲೆ ಹಾಕಿದೆ.